ಶಾಸನದ ಚುಕ್ಕೆಗಳು: ಕಲ್ಲಿನ ಸವೆತವನ್ನು ಕುರಿತು ಒಂದು ವಿಚಾರ

ನಮ್ಮ ದಾನಶಾಸನಗಳನ್ನು ಓದುವವರಿಗೆ 'ಆಚಂದ್ರಾರ್ಕ' ಎಂಬ ಪದ ಚಿರಪರಿಚಿತವಾದುದು. ಸೂರ್ಯಚಂದ್ರರು ಇರುವವರೆಗೆ ಈ ದತ್ತಿ ನಡೆದುಬರಲಿ ಎಂಬುದು ದಾನಿಯ ಆಶಯ. ಆ ಆಶಯಕ್ಕೆ ಸಾಕ್ಷಿಯಾಗಿ ಅವನು ಆರಿಸಿಕೊಂಡದ್ದು ಕಲ್ಲನ್ನು. ಓಲೆಗೆ ಹುಳು ಹಿಡಿದೀತು, ತಾಮ್ರದ ಹಲಗೆಯನ್ನು ಕದ್ದು ಕರಗಿಸಿಯಾರು, ಕಲ್ಲಿಗೇನಾದೀತು ಎಂಬ ನಂಬಿಕೆ ಇದರ ಹಿಂದಿದೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರ ಆಕೃತಿಗಳನ್ನೇ ಕೆತ್ತಿಸಿ ಆ ನಂಬಿಕೆಗೆ ಮುದ್ರೆಯೊತ್ತುತ್ತಿದ್ದರು.

ಆದರೆ ಬಿ. ಎಲ್. ರೈಸ್ ಅವರು 1886ರಿಂದ 1905ರ ಅವಧಿಯಲ್ಲಿ ಹನ್ನೆರಡು ಸಂಪುಟಗಳಾಗಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ವನ್ನು ತೆರೆದು ನೋಡಿದವರಿಗೆ ಬೇರೊಂದು ದೃಶ್ಯ ಕಾಣುತ್ತದೆ. ಎಂಟು ಸಾವಿರಕ್ಕೂ ಮಿಗಿಲಾದ ಆ ಶಾಸನಗಳಲ್ಲಿ ಎಷ್ಟೋ ಕಡೆ ಅಕ್ಷರಗಳಿರಬೇಕಾದಲ್ಲಿ ಚುಕ್ಕೆಗಳ ಸಾಲು ಇದೆ. ವಿದ್ಯಾರ್ಥಿಗಳು ಆ ಚುಕ್ಕೆಗಳನ್ನು ದಾಟಿ ಮುಂದಿನ ಪದಕ್ಕೆ ಹೋಗುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಮಾಡಿದೆ. ವಚನಗಳ ಓಲೆಪ್ರತಿಗಳೊಡನೆ ಒಡನಾಡಿದವರಿಗೆ ತ್ರುಟಿತ ಪಾಠವೆಂಬುದು ಹೊಸತಲ್ಲ. ಓಲೆಯಲ್ಲಿ ಅಕ್ಷರ ಹೋಗಿದ್ದರೆ ಅದು ಹುಳುವಿನ ಕೆಲಸವೋ ಲಿಪಿಕಾರನ ಪ್ರಮಾದವೋ ಎಂದು ವಿಚಾರಿಸುತ್ತೇವೆ, ಬೇರೆ ಮಠದ ಪ್ರತಿಯನ್ನು ತರಿಸಿ ಹೋಲಿಸುತ್ತೇವೆ. ಕಲ್ಲಿಗೆ ಮಾತ್ರ ಎರಡನೆಯ ಪ್ರತಿ ಸಾಮಾನ್ಯವಾಗಿ ಇರುವುದಿಲ್ಲ; ಇಲ್ಲಿ ಅಕ್ಷರ ಏಕೆ ಹೋಯಿತೆಂದು ಕೇಳುವ ಅಭ್ಯಾಸವೂ ನಮಗಿಲ್ಲ. 'ಕಾಲಕ್ರಮದಲ್ಲಿ ಸವೆದಿದೆ' ಎಂದು ಬರೆದು ಮುಗಿಸುತ್ತೇವೆ. ಈ 'ಕಾಲಕ್ರಮ' ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಕಾಲವು ತಾನಾಗಿ ಯಾವ ಕಲ್ಲನ್ನೂ ಸವೆಯಿಸುವುದಿಲ್ಲ. ಸವೆಯಿಸುವ ಕರ್ತೃ ಬೇರೆ; ಅದನ್ನು ಗುರುತಿಸದೆ ಹೋದರೆ ಉಳಿದಿರುವ ಅಕ್ಷರಗಳನ್ನು ಕಾಯುವ ದಾರಿಯೂ ತಿಳಿಯದು.

ಕೊಪ್ಪಳದ ಎರಡು ಅಶೋಕ ಶಾಸನಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಗವಿಮಠದ ಬೆಟ್ಟದಲ್ಲಿ ಒಂದು, ಅಲ್ಲಿಂದ ಅನತಿದೂರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು, ಮರುವರ್ಷ ಆರ್. ಎಲ್. ಟರ್ನರ್ ಅವರು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಅವುಗಳ ಪಾಠವನ್ನು ಪ್ರಕಟಿಸಿದರು. ಎರಡರ ವಿಷಯವೂ ಒಂದೇ, ಲಿಪಿಯೂ ಒಂದೇ, ಕಾಲವೂ ಒಂದೇ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಎರಡರ ಮೇಲೂ ಬಿದ್ದದ್ದು ಒಂದೇ ಊರಿನ ಮಳೆ, ಒಂದೇ ಬಿಸಿಲು. ಆದರೂ ಚಾಚಿಕೊಂಡ ಹೆಬ್ಬಂಡೆಯ ಕೆಳಗಿರುವ ಗವಿಮಠದ ಎಂಟು ಸಾಲುಗಳನ್ನು ಇಂದಿಗೂ ಓದಬಹುದು. ಪಾಲ್ಕಿಗುಂಡಿನಲ್ಲಿ ಉಳಿದಿರುವುದು ಅಲ್ಲೊಂದು ಇಲ್ಲೊಂದು ಅಕ್ಷರ. ಕಾಲವೇ ಸವೆಯಿಸುವುದಾಗಿದ್ದರೆ ಎರಡೂ ಸಮನಾಗಿ ಸವೆಯಬೇಕಾಗಿತ್ತಲ್ಲವೆ? ಬಂಡೆಯ ಯಾವ ಮೈಯಲ್ಲಿ ನೀರು ಹರಿಯಿತು, ಎಲ್ಲಿ ನಿಂತಿತು, ಎಲ್ಲಿ ಮೇಲ್ಪದರ ಸಡಿಲವಾಗಿತ್ತು ಎಂಬುದರಿಂದ ಅಕ್ಷರದ ಆಯುಸ್ಸು ನಿರ್ಣಯವಾಗುತ್ತದೆಯೆಂದು ನನ್ನ ತಿಳಿವಳಿಕೆ.

ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಕಂಡುಹಿಡಿದ ಮೂರು ಅಶೋಕ ಶಾಸನಗಳ ಕಥೆಯೂ ಹೀಗೆಯೇ. ಬ್ರಹ್ಮಗಿರಿಯ ಬಂಡೆಯನ್ನು ಜನರು 'ಅಕ್ಷರಗುಂಡು' ಎಂದು ಕರೆಯುತ್ತಿದ್ದರು. ಅದು ಮೂರರಲ್ಲಿ ಹೆಚ್ಚು ಉಳಿದುಬಂದಿದೆ. ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಹೆಸರು 'ಬಳೆಗಾರರ ಗುಂಡು'. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಆ ಬಂಡೆಯ ಮೇಲೆಯೇ. ಮೂರರಲ್ಲಿ ಅತ್ಯಂತ ಸವೆದುಹೋದದ್ದು ಅದು. ಸಾವಿರಾರು ಪಾದಗಳು ತುಳಿದ ಮೇಲೆ ಚಕ್ರವರ್ತಿಯ ಆಜ್ಞೆಯೂ ಉಳಿಯಲಾರದು. ಆ ಹೆಸರುಗಳೇ ಒಂದು ಚರಿತ್ರೆ: ಅಕ್ಷರವೆಂದು ತಿಳಿದಿದ್ದಲ್ಲಿ ಅಕ್ಷರ ಉಳಿಯಿತು, ಕಟ್ಟೆಯೆಂದು ತಿಳಿದಲ್ಲಿ ಅಳಿಯಿತು.

ಇನ್ನು ಕಲ್ಲಿನ ಒಡಲಿನಲ್ಲಿ ನಡೆಯುವುದೇನು ಎಂಬುದನ್ನು ನೋಡೋಣ. ಭೂವಿಜ್ಞಾನಿಗಳು ಇದಕ್ಕೆ ಶಿಲಾ ಶಿಥಿಲೀಕರಣ ಎನ್ನುತ್ತಾರೆ. ಕೊಪ್ಪಳ, ಹಂಪೆ, ರಾಮನಗರಗಳ ಕಡೆ ಕಾಣುವ ಕಣಶಿಲೆ, ಅಂದರೆ ಗ್ರಾನೈಟ್, ಮೂರು ಬಗೆಯ ಖನಿಜಗಳ ಕೂಟ: ಗಾಜಿನಂತಿರುವ ಬೆಣಚು, ನಸುಗೆಂಪು ಇಲ್ಲವೆ ಬಿಳಿಯ ಫೆಲ್ಡ್‌ಸ್ಪಾರ್, ಹೊಳೆಯುವ ಅಭ್ರಕ. ಮಳೆಯ ಹನಿ ಆಕಾಶದಿಂದ ಇಳಿಯುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ದುರ್ಬಲವಾದ ಆಮ್ಲವಾಗಿರುತ್ತದೆ. ಮಣ್ಣಿನೊಳಕ್ಕೆ ಇಳಿದಾಗ ಬೇರುಗಳ ಉಸಿರಿನಿಂದ ಅದರ ಆಮ್ಲತೆ ಇನ್ನಷ್ಟು ಹೆಚ್ಚುತ್ತದೆ. ಈ ನೀರು ಕಣಗಳ ಸಂದಿಗೆ ಇಳಿದು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಜೇಡಿಯನ್ನಾಗಿ ಮಾಡುತ್ತದೆ. ಜೇಡಿ ಉಬ್ಬುತ್ತದೆ, ಪಕ್ಕದ ಬೆಣಚಿನ ಹರಳು ಸಡಿಲವಾಗಿ ಉದುರುತ್ತದೆ. ನಮ್ಮ ಹಳ್ಳಗಳ ಮರಳು ಒಂದು ಕಾಲದಲ್ಲಿ ಇಂಥ ಬಂಡೆಗಳ ಒಡಲಿನಲ್ಲಿದ್ದ ಬೆಣಚೇ.

ನಾನು ಶಾಲೆಯಲ್ಲಿ ಭೂಗೋಳದ ಪಾಠವನ್ನೂ ಹೇಳುತ್ತಿದ್ದೆ. ಬಿರುಕಿನ ನೀರು ಹಿಮಗಟ್ಟಿ ಬಂಡೆಯನ್ನು ಸೀಳುತ್ತದೆ ಎಂದು ಪುಸ್ತಕದಲ್ಲಿತ್ತು. ನೀರು ಹೆಪ್ಪುಗಟ್ಟುವುದನ್ನೇ ಕಾಣದ ಬಯಲುಸೀಮೆಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಹಗಲ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ ಬಂಡೆ ಸೀಳುತ್ತದೆ ಎಂಬುದು ಎರಡನೆಯ ಕಾರಣ. ಇದು ನಮ್ಮ ನಾಡಿಗೆ ಒಪ್ಪುವಂತೆ ತೋರುತ್ತದೆ. ಆದರೆ ಅಮೆರಿಕದ ಡೇವಿಡ್ ಗ್ರಿಗ್ಸ್ ಎಂಬ ವಿಜ್ಞಾನಿ 1936ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಮಾತನ್ನು ಹೇಳಿತು. ಅವರು ಗ್ರಾನೈಟಿನ ಒಂದು ತುಂಡನ್ನು 89,400 ಸಲ ಕಾಯಿಸಿ ತಣಿಸಿದರು. ದಿನಕ್ಕೊಂದು ಸಲವೆಂದು ಲೆಕ್ಕ ಹಾಕಿದರೆ ಅದು 244 ವರ್ಷಗಳ ಬಿಸಿಲು. ಒಣಗಾಳಿಯಿಂದ ತಣಿಸುವವರೆಗೆ ಕಲ್ಲಿನಲ್ಲಿ ಗುರುತಿಸುವಂಥ ಬದಲಾವಣೆಯೇ ಆಗಲಿಲ್ಲ. ನೀರು ಚಿಮುಕಿಸಿ ತಣಿಸತೊಡಗಿದೊಡನೆ, ಕೆಲವೇ ವರ್ಷಗಳಿಗೆ ಸಮನಾದ ಅವಧಿಯಲ್ಲಿ, ಅದರ ಮೆರುಗು ಮಾಸಿ ಬಿರುಕು ಮೂಡಿತು. ಈಚಿನ ಸಂಶೋಧಕರು ಬಿಸಿಲಿನ ಪಾತ್ರವನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಕೈಯಗಲದ ತುಂಡಿಗೂ ಬೆಟ್ಟಕ್ಕೂ ಅಂತರವಿದೆ. ಆದರೂ ನೀರಿಲ್ಲದೆ ಬಿಸಿಲು ಮಾಡುವುದು ಸ್ವಲ್ಪವೇ ಎಂಬ ತಿಳಿವು ಶಾಸನಪ್ರಿಯರಿಗೆ ಮುಖ್ಯವಾದುದು.

ಹಂಪೆಯ ಗುಂಡುಗಳನ್ನು ಯಾರೋ ಒಂದರ ಮೇಲೊಂದು ಇಟ್ಟರೆಂದು ಜನ ಕಥೆ ಕಟ್ಟಿದ್ದಾರೆ. ವಾಸ್ತವವಾಗಿ ಅವು ರೂಪ ತಾಳಿದ್ದು ನೆಲದೊಳಗೆ. ಅಡ್ಡ ಉದ್ದ ಸೀಳಿದ್ದ ಶಿಲೆಯ ಬಿರುಕುಗಳಲ್ಲಿ ನೀರಿಳಿದು ಮೂಲೆಗಳನ್ನು ಮೊದಲು ತಿಂದಿತು, ಏಕೆಂದರೆ ಮೂಲೆಗೆ ಮೂರು ಕಡೆಯಿಂದ ನೀರು ತಾಕುತ್ತದೆ. ಚೌಕವಾಗಿದ್ದುದು ದುಂಡಗಾಯಿತು, ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಗುಂಡುಗಳು ಬಯಲಾದವು. ಆ ಸೀಮೆಯ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮುಂದೆ ನಮ್ಮ ಶಾಸನಗಳ ವಯಸ್ಸು ಒಂದು ಕ್ಷಣವೂ ಅಲ್ಲ. ಆ ಒಂದು ಕ್ಷಣದಲ್ಲಿ ಅಕ್ಷರ ಅಳಿಯುತ್ತದೆಯೆಂದರೆ ಅದು ಬಂಡೆಯ ಅಳಿವಲ್ಲ, ಅದರ ಹೊರಚರ್ಮದ ಅಳಿವು ಮಾತ್ರ. ಉಳಿಯು ಕೊರೆದದ್ದು ಬೆರಳಗಲದ ಆಳವನ್ನೂ ಮುಟ್ಟದ ಆ ಚರ್ಮವನ್ನೇ ಅಲ್ಲವೆ?

ಎಲ್ಲ ಖನಿಜಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಎಸ್. ಎಸ್. ಗೋಲ್ಡಿಚ್ ಎಂಬವರು 1938ರಲ್ಲಿ ಇದಕ್ಕೊಂದು ಕ್ರಮವನ್ನು ತೋರಿಸಿಕೊಟ್ಟರು. ಭೂಗರ್ಭದ ಹೆಚ್ಚಿನ ಶಾಖದಲ್ಲಿ ಮೊದಲು ಹರಳುಗಟ್ಟಿದ ಕಪ್ಪು ಖನಿಜಗಳು ಮಳೆಗಾಳಿಗೆ ಬೇಗ ಕೆಡುತ್ತವೆ. ಕೊನೆಯಲ್ಲಿ ಹರಳುಗಟ್ಟಿದ ಬೆಣಚು ಎಲ್ಲಕ್ಕಿಂತ ಹೆಚ್ಚು ಕಾಲ ತಾಳುತ್ತದೆ. ಕಲ್ಯಾಣದ ಸೀಮೆಯ ಕರಿಕಲ್ಲು, ಅಂದರೆ ಬಸಾಲ್ಟ್, ಬಹುಮಟ್ಟಿಗೆ ಬೇಗ ಕೆಡುವ ಖನಿಜಗಳಿಂದಾದುದು. ಅದು ಕೆಟ್ಟು ಎರೆಯಾಯಿತು, ಕಣಶಿಲೆ ಕೆಟ್ಟು ಮಸಾರಿಯಾಯಿತು. ರೈತ ತನ್ನ ಹೊಲವನ್ನು ಈ ಎರಡು ಹೆಸರುಗಳಿಂದ ಕರೆಯುವಾಗ ಅದರ ತಾಯಿಗಲ್ಲನ್ನೇ ಹೆಸರಿಸುತ್ತಿರುತ್ತಾನೆ. ಎರೆ ನೆಲ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅಲ್ಲಿ ನೆಟ್ಟ ಶಾಸನದ ಕಲ್ಲುಗಳು ವಾಲುತ್ತವೆ, ಉರುಳುತ್ತವೆ, ಒಗೆಯುವ ಕಲ್ಲುಗಳಾಗುತ್ತವೆ.

ಬೀದರಿನಲ್ಲಿ ಈ ಕೆಡುವಿಕೆಯೇ ಒಂದು ರಾಜಧಾನಿಗೆ ಆಧಾರವಾಯಿತು. ಅಲ್ಲಿ ಕರಿಕಲ್ಲಿನ ಮೇಲೆ ದಪ್ಪನಾದ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಯುಗಯುಗಗಳ ಮಳೆ ಶಿಲೆಯಲ್ಲಿನ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಮ್‌ಗಳ ಶೇಷವೇ ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ ಅವರು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ವರ್ಣಿಸಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಇಂದು ಜಗತ್ತಿನ ಎಲ್ಲ ಉಷ್ಣವಲಯಗಳಲ್ಲೂ ಈ ಕಲ್ಲಿಗೆ ಅದೇ ಹೆಸರು. ಬೀದರಿನ ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಳ್ಳುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಬಹಮನಿಗಳ ಕಾಲದ ಸುರಂಗಬಾವಿಗಳು ಈ ಗುಟ್ಟನ್ನು ಅರಿತು ತೋಡಿದವು. ಆದರೆ ಜಂಬಿಟ್ಟಿಗೆಯ ತೂತುಮೈಯಲ್ಲಿ ಸೂಕ್ಷ್ಮವಾದ ಅಕ್ಷರ ನಿಲ್ಲದು. ಆದ್ದರಿಂದ ಅಲ್ಲಿಯೂ ನಯವಾದ ಕೆತ್ತನೆಗೆ ಕರಿಕಲ್ಲನ್ನೇ ಬಳಸಿದರು.

ಬಾದಾಮಿಯ ಮರಳುಗಲ್ಲಿನ ವಿಚಾರ ಬೇರೆ. ಅದು ಬೆಣಚಿನ ಕಣಗಳನ್ನು ಕಬ್ಬಿಣದ ಕಿಟ್ಟ, ಸಿಲಿಕಗಳು ಬೆಸೆದು ಆದ ಕಲ್ಲು. ಕಣ ಕೆಡುವುದಿಲ್ಲ, ಬೆಸುಗೆ ಕೆಡುತ್ತದೆ. ದಾರ ಹರಿದ ಸರದಿಂದ ಮಣಿ ಜಾರುವಂತೆ ಕಣಗಳು ಜಾರುತ್ತವೆ. ಬೆಸುಗೆ ಗಟ್ಟಿಯಾಗಿದ್ದು, ನೀರು ನಿಲ್ಲದೆ ಇದ್ದರೆ ಈ ಕಲ್ಲು ಅಕ್ಷರಕ್ಕೆ ಬಹಳ ನಿಷ್ಠವಾದುದು. ಒಂದನೆಯ ಪುಲಕೇಶಿಯ 543ರ ಶಾಸನ, ಮಂಗಳೇಶನ 578ರ ಶಾಸನ, ಕಪ್ಪೆ ಅರಭಟ್ಟನ ಪ್ರಸಿದ್ಧ ಶಾಸನ, ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ 634ರ ಪ್ರಶಸ್ತಿ, ಇವೆಲ್ಲ ಮರಳುಗಲ್ಲಿನ ಕೊಡುಗೆಗಳು. ಅಕ್ಷರ ಬರೆಸಿದವರು ಜಾಗವನ್ನು ಅರಿತು ಆರಿಸಿದಂತಿದೆ. ಪುಲಕೇಶಿಯದು ಕೈಗೆಟುಕದ ಎತ್ತರದ ಬಂಡೆಯ ಮೈಯಲ್ಲಿ, ಮಂಗಳೇಶನದು ಗುಹೆಯ ಜಗಲಿಯ ನೆರಳಿನಲ್ಲಿ.

ಇದಕ್ಕಿಂತಲೂ ಸೋಜಿಗವಾದುದು ಬೇಲೂರು, ಹಳೇಬೀಡುಗಳ ಬಳಪದ ಕಲ್ಲು. ಗಡಸುತನದ ಏಣಿಯಲ್ಲಿ ಬೆಣಚಿಗೆ ಏಳನೆಯ ಮೆಟ್ಟಿಲಾದರೆ ಬಳಪಕ್ಕೆ ಮೊದಲನೆಯ ಮೆಟ್ಟಿಲು, ಉಗುರಿನಿಂದಲೂ ಗೀರಬಹುದು. ಮೆತ್ತನೆಯ ಕಲ್ಲು ಬೇಗ ಅಳಿಯಬೇಕೆಂದು ತೋರುವುದು ಸಹಜ. ಆದರೆ ಈ ಕಲ್ಲಿನ ಖನಿಜಗಳು ಭೂಗರ್ಭದಲ್ಲಿರುವಾಗಲೇ ನೀರನ್ನು ತಮ್ಮ ರಚನೆಯೊಳಗೆ ಸೇರಿಸಿಕೊಂಡು ಮಾರ್ಪಟ್ಟಂಥವು. ಫೆಲ್ಡ್‌ಸ್ಪಾರಿಗೆ ಮಳೆ ಮಾಡುವ ಕೇಡನ್ನು ಇವಕ್ಕೆ ಅಷ್ಟಾಗಿ ಮಾಡಲಾರದು. ಆದುದರಿಂದಲೇ 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ವಿಗ್ರಹಗಳ ಪೀಠದಲ್ಲಿ ಬರೆದುಕೊಂಡ ಹೆಸರುಗಳನ್ನು ಇಂದಿಗೂ ಓದಬಲ್ಲೆವು. ಗಡಸುತನವೇ ಬಾಳಿಕೆ ಎಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ.

ರೂವಾರಿಯ ಹೆಸರಿನ ಮಾತು ಬಂದುದರಿಂದ ನನ್ನನ್ನು ಬಹುಕಾಲ ಕಾಡಿದ ಒಂದು ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ನೆಲದಲ್ಲಿ ನೆಟ್ಟ ಶಾಸನಗಳಲ್ಲಿ ಮೇಲಿನ ಸಾಲುಗಳಿಗಿಂತ ಬುಡದ ಸಾಲುಗಳೇ ಹೆಚ್ಚಾಗಿ ಹೋಗಿರುವುದನ್ನು ನಾನು ಕಂಡಿದ್ದೇನೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಕಲ್ಲಿನ ಸೂಕ್ಷ್ಮರಂಧ್ರಗಳು ನೆಲದ ತೇವವನ್ನು ಮೇಲಕ್ಕೆಳೆಯುತ್ತವೆ. ಆ ತೇವದಲ್ಲಿ ಉಪ್ಪುಗಳಿರುತ್ತವೆ. ನೆಲದಿಂದ ಮೊಳದೆತ್ತರದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ರಂಧ್ರದೊಳಗೇ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಸಿಡಿಸುತ್ತದೆ. ಪ್ರತಿ ಮಳೆಗಾಲಕ್ಕೆ ಕರಗಿ ಪ್ರತಿ ಬೇಸಗೆಗೆ ಮತ್ತೆ ಹರಳುಗಟ್ಟುವ ಈ ಉಪ್ಪು ಉಳಿಗಿಂತ ಕ್ರೂರ. ಶಾಸನದ ಬುಡದಲ್ಲಿ ಇರುವುದೇನು? ಮೇಲ್ಗಡೆ ದೇವತಾಸ್ತುತಿ, ಅರಸನ ಬಿರುದಾವಳಿ, ನಡುವೆ ದಾನ, ಕೆಳಗೆ ಶಾಪಾಶಯ, ಅದಕ್ಕೂ ಕೆಳಗೆ ಬರೆದವನ, ಕಂಡರಿಸಿದವನ ಹೆಸರು. ಬಿರುದಾವಳಿ ಹೋದರೆ ಅದೇ ಅರಸನ ಬೇರೆ ಶಾಸನದಿಂದ ತುಂಬಿಕೊಳ್ಳಬಹುದು; ಶಾಪಾಶಯವಂತೂ ಎಲ್ಲೆಲ್ಲೂ ಬರುವ ಕಟ್ಟುಪಾಠ. ತುಂಬಿಕೊಳ್ಳಲಾಗದ್ದು ಕಂಡರಿಸಿದವನ ಹೆಸರೊಂದೇ. ನೆಲದ ಉಪ್ಪು ಮೊದಲು ತಿನ್ನುವುದು ಅದನ್ನು.

ಇಲ್ಲಿ ನನ್ನದೇ ಒಂದು ಅಪರಾಧವನ್ನು ಹೇಳಬೇಕಾಗಿದೆ. 1988ರಲ್ಲಿ ನಾನು ಭೀಮಾತೀರದ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆ. ಊರ ಗುಡಿಯ ಗೋಡೆಗೆ ಒರಗಿಸಿದ ಶಾಸನವೊಂದಿತ್ತು. ವರ್ಷವರ್ಷವೂ ಭಕ್ತರು ಗೋಡೆಯೊಡನೆ ಅದಕ್ಕೂ ಸುಣ್ಣ ಬಳಿಯುತ್ತಿದ್ದುದರಿಂದ ದಪ್ಪನಾದ ಹೊಪ್ಪಳಿಕೆ ಕಟ್ಟಿತ್ತು. ಮೇಲಿನ ಸಾಲುಗಳ ಸುಣ್ಣವನ್ನು ನೀರಿನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಿಂದ ಬಿಡಿಸಿ, ಹದಿನಾಲ್ಕು ಸಾಲುಗಳನ್ನು ಬರೆದುಕೊಂಡೆ. ಲಿಪಿಯಿಂದ ಹನ್ನೆರಡನೆಯ ಶತಮಾನದ್ದೆಂದು ತೋರಿತು. ಕೊನೆಯ ಎರಡು ಸಾಲುಗಳಲ್ಲಿ ಸುಣ್ಣ ಕಲ್ಲಿಗೆ ಅಂಟಿಕೊಂಡುಬಿಟ್ಟಿತ್ತು. ತಾಳ್ಮೆ ತಪ್ಪಿತು. ಶಾಲೆಯ ವಿಜ್ಞಾನದ ಕೋಣೆಯಿಂದ ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲವನ್ನು ತಂದು ಬಟ್ಟೆಯಲ್ಲಿ ಅದ್ದಿ ಒರೆಸಿದೆ. ಸುಣ್ಣ ಬುರುಬುರು ನೊರೆಯೆದ್ದು ಕರಗಿತು. ಹುಡುಗರು ಚಪ್ಪಾಳೆ ತಟ್ಟಿದರು. ಸುಣ್ಣ ಹೋದ ಮೇಲೂ ನೊರೆ ನಿಲ್ಲಲಿಲ್ಲ. ಆಗ ಎಚ್ಚರವಾಯಿತು: ಆ ಕಲ್ಲೇ ಸುಣ್ಣಗಲ್ಲು, ಶಹಾಬಾದಿ ಜಾತಿಯದು. ಆಮ್ಲಕ್ಕೆ ಗೋಡೆಯ ಸುಣ್ಣ ಬೇರೆಯಲ್ಲ, ಶಾಸನದ ಕಲ್ಲು ಬೇರೆಯಲ್ಲ. ಕೊಡಗಟ್ಟಲೆ ನೀರು ಸುರಿದೆ. ಮರುದಿನ ಒಣಗಿದ ಮೇಲೆ ನೋಡಿದರೆ ಮಂಜಿನಲ್ಲಿ ಕಂಡ ಊರಿನಂತೆ ಕೆಲವು ಗೆರೆಗಳು ಮಾತ್ರ ಉಳಿದಿದ್ದವು. ಮಳೆ ಶತಮಾನಗಳಲ್ಲಿ ಮಾಡುವ ಕೆಲಸವನ್ನು ನಾನು ಕಾಲು ಗಂಟೆಯಲ್ಲಿ ಮಾಡಿ ಮುಗಿಸಿದ್ದೆ. ರಸಾಯನದ ರೀತಿಯಲ್ಲಿ ಎರಡೂ ಒಂದೇ ಕೆಲಸ. ಬಲ ಮಾತ್ರ ಬೇರೆ. ಯಾರೂ ಅದರ ಪಡಿಯಚ್ಚನ್ನು ತೆಗೆದಿರಲಿಲ್ಲ.

ವಾಸ್ತವವಾಗಿ ಆ ಭಕ್ತರ ಸುಣ್ಣ ನನ್ನ ವಿದ್ಯೆಗಿಂತ ಆ ಕಲ್ಲಿಗೆ ಹಿತವಾಗಿತ್ತು. ಮಳೆನೀರಿನ ಆಮ್ಲತೆಯನ್ನು ಅದು ತಾನುಂಡು ಕಲ್ಲನ್ನು ಕಾಯುತ್ತಿತ್ತು. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಸುಣ್ಣಗಲ್ಲಿನ ಫಲಕಗಳಲ್ಲಿ 'ರಾಯೋ ಅಶೋಕೋ' ಎಂಬ ಬರಹ, ಅದರ ಮೇಲೆ ಅರಸನ ರೂಪ ಇಂದಿಗೂ ಸ್ಪಷ್ಟವಾಗಿ ಕಾಣುತ್ತಿರುವುದು ಅವು ಶತಮಾನಗಳ ಕಾಲ ಮಣ್ಣಿನಡಿಯಲ್ಲಿ ಹೂತು, ಮಳೆಯ ನೇರ ಏಟಿನಿಂದ ತಪ್ಪಿಸಿಕೊಂಡಿದ್ದುದರಿಂದ. ಇಂದು ಹಳ್ಳಿಹಳ್ಳಿಯಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದನ್ನು ಕಂಡಾಗ ನನಗೆ ಆ ನೊರೆ ನೆನಪಾಗುತ್ತದೆ. ಕಲ್ಲುಹೂವನ್ನು ತಂತಿಯ ಕುಂಚದಿಂದ ಉಜ್ಜುತ್ತಾರೆ. ಅದರ ಎಳೆಗಳು ಕಣಗಳ ಸಂದಿಗೆ ಇಳಿದಿರುವುದರಿಂದ ಹೂವಿನೊಡನೆ ಅಕ್ಷರದ ಅಂಚೂ ಬರುತ್ತದೆ. ಒತ್ತಡದ ಮರಳುಗಾಳಿಯಿಂದ ಗುಡಿಗಳನ್ನು ಬೆಳಗಿಸುತ್ತಾರೆ. ಬುಡಕ್ಕೆ ಸಿಮೆಂಟ್ ಕಟ್ಟುತ್ತಾರೆ. ನೆಲದ ತೇವ ಹೊರಹೋಗಲು ದಾರಿಯಿಲ್ಲದೆ ಕಲ್ಲಿನ ಮೂಲಕವೇ ಏರುತ್ತದೆ, ಉಪ್ಪು ಇನ್ನಷ್ಟು ಮೇಲಿನ ಸಾಲನ್ನು ಮುಟ್ಟುತ್ತದೆ. ಎಲ್ಲರ ಉದ್ದೇಶವೂ ಒಳ್ಳೆಯದೇ. ನನ್ನದೂ ಒಳ್ಳೆಯದೇ ಆಗಿತ್ತು.

ಒದ್ದೆ ಕಾಗದವನ್ನು ಕಲ್ಲಿಗೆ ತಟ್ಟಿ ಮಸಿಯಿಂದ ಪಡಿಯಚ್ಚು ತೆಗೆಯುವ ಹಳೆಯ ಕ್ರಮ ಇಂದಿಗೂ ಉಂಟು. ಹಾಗೆ ಹಿಂದೆ ತೆಗೆದ ಅಚ್ಚುಗಳಲ್ಲಿ, ಈಗ ಕಲ್ಲಿನಲ್ಲಿ ಇಲ್ಲದ ಅಕ್ಷರಗಳೂ ಉಳಿದಿರುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಯಂತ್ರದಿಂದ ಅಳೆದು ದಾಖಲಿಸುವ ಕಾರ್ಯವನ್ನು ಕೈಗೊಂಡರು. ಇದರಲ್ಲಿ ಕಲ್ಲಿಗೆ ಕೈಯೂ ತಾಕಬೇಕಾಗಿಲ್ಲ, ನೀರೂ ಬೇಕಾಗಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ತಗ್ಗನ್ನೂ ಅದು ಹಿಡಿಯುತ್ತದೆ. ಯಂತ್ರವಿಲ್ಲದವರಿಗೆ ಇನ್ನೊಂದು ಸುಲಭ ಕ್ರಮವಿದೆ: ಕತ್ತಲಾದ ಮೇಲೆ ದೀಪವನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯುವುದು. ಹಗಲಿನಲ್ಲಿ ಸಮತಲವಾಗಿ ಕಾಣುವ ಮೈಯಲ್ಲಿ ಆಗ ನೆರಳುಗಳು ಏಳುತ್ತವೆ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಗುಡಿ ಹೊಸದಾಗಿದೆ, ಶಾಸನವನ್ನು ಹೊರಗೆ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಸಂಜೆ ದಾಟಿದ ಮೇಲೆ, ಅಂದು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನು, ಈಗ ಅವನಿಗೂ ತಲೆ ನರೆತಿದೆ, ಬ್ಯಾಟರಿಯನ್ನು ಎಡಗಡೆಯಿಂದ ನೆಲಮಟ್ಟದಲ್ಲಿ ಹಿಡಿದ. ನಾನು ಮೊಳಕಾಲೂರಿ ಬಹಳ ಹೊತ್ತು ನೋಡಿದೆ. ಕಡೆಯ ಸಾಲಿನ ಕೊನೆಯಲ್ಲಿ 'ಓಜ' ಎಂಬ ಎರಡು ಅಕ್ಷರಗಳ ನೆರಳು ಕಂಡಿತು. ಅದರ ಹಿಂದೆ ಮೂರು ಅಕ್ಷರಗಳಷ್ಟು ಜಾಗ ನುಣ್ಣಗಿದೆ. ಹದಿನಾಲ್ಕು ಸಾಲುಗಳ ನನ್ನ ಹಳೆಯ ಪ್ರತಿಗೆ ಆ ರಾತ್ರಿ ಮೂರು ಚುಕ್ಕೆಗಳನ್ನೂ ಆ ಎರಡು ಅಕ್ಷರಗಳನ್ನೂ ಸೇರಿಸಿ ಬರೆದೆ.